ತ್ವೊರೊಗ್ ಅಂದ್ರೆ ಮೊಸರೋ ಪನೀರೋ?

ಪ್ರಶ್ನೆ: ಮಗಳು ರಷ್ಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ದಿನಾ ತಿಂಡಿಗೆ ‘ತ್ವೊರೊಗ್’ ತಿಂದೆ ಅನ್ನುತ್ತಾಳೆ. ವಿಡಿಯೊ ಕಾಲ್‌ನಲ್ಲಿ ಬಟ್ಟಲು ತೋರಿಸಿದಳು, ನನಗೆ ಒಡೆದ ಹಾಲಿನ ಹಾಗೇ ಕಂಡಿತು. ಬೆಣ್ಣೆ ದೋಸೆ ಊರಿನ ಹುಡುಗಿಗೆ ಇದೆಂಥ ಗತಿ! ಏನದು, ಆ ಹೆಸರು ಎಲ್ಲಿಂದ ಬಂತು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಗಾಬರಿ ಬೇಡ ಅಮ್ಮ. ಅದು ಒಡೆದು ಹೋದ ಹಾಲಲ್ಲ, ಬೇಕಂತಲೇ ಒಡೆಸಿದ್ದು. ಹುಳಿ ಬಂದ ಹಾಲನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡುತ್ತಾರೆ, ನೀರು ಬೇರೆಯಾದ ಮೇಲೆ ಬಟ್ಟೆಯಲ್ಲಿ ಸೋಸುತ್ತಾರೆ, ಉಳಿದ ಉದುರುದುರು ಗಟ್ಟಿಯೇ ತ್ವೊರೊಗ್. ಪನೀರ್‌ಗಿಂತ ಮೆತ್ತಗೆ, ಸ್ವಲ್ಪ ಹುಳಿ. ಗಟ್ಟಿ ಮೊಸರನ್ನು ಬಿಳಿ ಪಂಚೆ ತುಂಡಿನಲ್ಲಿ ಕಟ್ಟಿ ರಾತ್ರಿಯಿಡೀ ನಲ್ಲಿಗೆ ನೇತುಹಾಕಿ ನೋಡಿ, ಹತ್ತಿರ ಹತ್ತಿರ ಆ ರುಚಿ ಸಿಗುತ್ತದೆ.

ಇನ್ನು ಹೆಸರು. ರಷ್ಯನ್ನರ ‘ತ್ವೊರಿತ್’ ಅಂದರೆ ಮಾಡು, ರೂಪ ಕೊಡು ಅಂತ. ತ್ವೊರೊಗ್ ಇದೇ ಬೇರಿನದು ಅನ್ನುವವರು ಜಾಸ್ತಿ. ನೀರಾಗಿದ್ದ ಹಾಲು ಒಂದು ಆಕಾರಕ್ಕೆ ಬಂತು, ಅಷ್ಟೇ. ಇದೇನು ವಿಚಿತ್ರ ಅಲ್ಲ: ಇಟಲಿಯವರು ಚೀಸ್‌ಗೆ ‘ಫೊರ್ಮಾಜೊ’ ಅನ್ನುವುದೂ ಲ್ಯಾಟಿನ್‌ನ ‘ಫೋರ್ಮಾ’, ಅಂದರೆ ಅಚ್ಚು, ಆಕಾರ ಅನ್ನುವ ಪದದಿಂದಲೇ. ನಾವು ಹಾಲು ಹೆಪ್ಪುಗಟ್ಟಿತು ಅನ್ನುವಾಗಲೂ ಕಣ್ಣು ಇರುವುದು ಆ ಗಟ್ಟಿಯ ಮೇಲೇ ಅಲ್ವಾ?

ಇನ್ನೊಂದು ವಾದವೂ ಇದೆ. ಮಧ್ಯ ಏಷ್ಯಾದ ಹಳೆಯ ತುರ್ಕಿ ಭಾಷೆಯಲ್ಲಿ ಚೀಸ್‌ಗೆ ‘ತುರಾಕ್’ ಅನ್ನುತ್ತಿದ್ದರು, ಹಂಗೇರಿಯವರು ಇದೇ ತಿನಿಸಿಗೆ ‘ತೂರೋ’ ಅನ್ನುತ್ತಾರೆ, ಹಾಗಾಗಿ ತುರ್ಕಿ ಮಾತಾಡುವ ಕುದುರೆ ಸವಾರರಿಂದ ಸ್ಲಾವರು, ಅಂದರೆ ರಷ್ಯನ್ನರು, ಉಕ್ರೇನಿನವರು, ಚೆಕ್ಕರ ಮೂಲದ ಜನ, ಪದ ಎತ್ತಿಕೊಂಡರು ಅಂತ. ಕೇಳಲು ಚೆಂದ. ಆದರೆ ತುರಾಕ್‌ನಲ್ಲಿ ಇಲ್ಲದ ‘ವ’ ತ್ವೊರೊಗ್‌ಗೆ ಎಲ್ಲಿಂದ ಬಂತು? ಅಲ್ಲೇ ಗಂಟು. ನನ್ನ ಓಟು ಮೊದಲನೆಯದಕ್ಕೆ.

ಸ್ಲಾವರು ಈ ಪದವನ್ನು ಬೇರೆಯವರಿಗೆ ಸಾಲ ಕೊಟ್ಟದ್ದಂತೂ ಖಾತ್ರಿ. ಇಂಥದೇ ತಿನಿಸಿಗೆ ಜರ್ಮನ್ನರು ಅನ್ನುವ ‘ಕ್ವಾರ್ಕ್’ ಸ್ಲಾವರಿಂದ ಹೋದದ್ದೇ, ಅಲ್ಲಿ ‘ತ್ವ’ ತಿರುಗಿ ‘ಕ್ವ’ ಆಯಿತು. ನಾವೇನು ಕಡಿಮೆ, ಪನೀರ್ ಅನ್ನುವ ಪದ ಪಾರಸಿಯದು.

ಮಗಳಿಗೆ ಒಂದು ಕೆಲಸ ಹೇಳಿ. ‘ಸಿರ್ನಿಕಿ’ ಸಿಕ್ಕರೆ ತಿನ್ನಲಿ. ತ್ವೊರೊಗ್‌ಗೆ ಮೊಟ್ಟೆ, ಹಿಟ್ಟು ಕಲಸಿ ಬೇಯಿಸುವ ದಪ್ಪ ಬಿಲ್ಲೆಗಳು. ಹೆಸರಿನಲ್ಲಿರುವ ‘ಸಿರ್’ಗೆ ರಷ್ಯನ್‌ನಲ್ಲಿ ಈಗ ಚೀಸ್ ಅಂತ ಅರ್ಥ, ಒಳಗಿರುವುದು ಮಾತ್ರ ತ್ವೊರೊಗ್! ಉಕ್ರೇನಿನವರಿಗೆ ಈ ತಕರಾರೇ ಇಲ್ಲ, ಅವರು ತ್ವೊರೊಗ್‌ಗೂ ‘ಸಿರ್’ ಅನ್ನುತ್ತಾರೆ.

ಪ್ರಶ್ನೆ: ರಷ್ಯಾದ ಹುಳಿ ಕೆನೆಗೆ ‘ಸ್ಮೆತಾನಾ’ ಅಂತಾರಂತೆ. ಅದು ಸಂಗೀತಗಾರನ ಹೆಸರಲ್ವಾ ಸಾರ್?
– ಓದುಗ, ಚಿತ್ರದುರ್ಗ

ಉತ್ತರ: ಎರಡೂ ಹೌದು. ಚೆಕ್ ಸಂಗೀತಗಾರ ಬೆಡ್ರಿಚ್ ಸ್ಮೆತಾನಾ (1824–1884) ಅವರ ಮನೆ ಹೆಸರಿನ ಅರ್ಥವೇ ಕೆನೆ. ಬೇರು ನೋಡಿದರೆ ‘ಗುಡಿಸಿ ಒಟ್ಟು ಮಾಡಿದ್ದು’ ಅಂತ. ತಣ್ಣಗಾದ ಹಾಲಿನ ಮೇಲಿನ ಪದರವನ್ನು ಸೌಟಿನಿಂದ ಒಂದು ಪಕ್ಕಕ್ಕೆ ಎಳೆದು ಬಟ್ಟಲಿಗೆ ಹಾಕುತ್ತಾರಲ್ಲ, ಅದೇ.