ಪರಂಬಿಕುಳಂ ಕಾಡಿನ ಹಳೆಯ ರೈಲು ದಾರಿ: ಹಳಿ ಹುಡುಕಬೇಡಿ, ನೆಲ ನೋಡಿ

ಕಾಸರಗೋಡಿನಿಂದ ಕೇರಳದ ಪಾಲಕ್ಕಾಡ್ ಜಿಲ್ಲೆಯ ಪರಂಬಿಕುಳಕ್ಕೆ ಹೋಗುತ್ತಿದ್ದೇನೆ, ಮರ ಸಾಗಿಸುತ್ತಿದ್ದ ಹಳೆಯ ರೈಲಿನ ದಾರಿಯನ್ನು ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಹಳಿ ಹುಡುಕಬೇಡಿ, ನೆಲ ನೋಡಿ.

ಅದು ಪರಂಬಿಕುಳದಿಂದ ತ್ರಿಶೂರ್ ಜಿಲ್ಲೆಯ ಚಾಲಕ್ಕುಡಿವರೆಗೆ ಸುಮಾರು 80 ಕಿ.ಮೀ. ಇದ್ದ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ದಾರಿ. 1907ರಲ್ಲಿ ಶುರುವಾಗಿ 1963ರಲ್ಲಿ ನಿಂತಿತು. ಉಗಿಬಂಡಿ ಕಡಿದಾದ ಗುಡ್ಡ ಹತ್ತುವುದಿಲ್ಲ, ಅಲ್ವಾ? ಹಾಗಾಗಿ ಗುಡ್ಡದ ಬದಿಯಲ್ಲಿ ಒಂದೇ ಸಮನೆ, ನಿಧಾನಕ್ಕೆ ಏರುವ ಪಟ್ಟಿ ಕಂಡರೆ ನಿಂತು ನೋಡಿ. ಒಂದು ಕಡೆ ದರೆ ಕಡಿದಿರುತ್ತದೆ, ನಮ್ಮಲ್ಲಿ ತೋಟಕ್ಕೆ ಕಡಿದ ಹಾಗೆ. ಜೀಪಿನ ದಾರಿಯಾದರೆ ಏರು, ತಿರುವು ಎರಡೂ ಜಾಸ್ತಿ. ತೊರೆ ದಾಟುವಲ್ಲಿ ಹಳೆ ಸೇತುವೆಯ ಕಲ್ಲಿನ ಕಟ್ಟೆ ಇದೆಯಾ ನೋಡಿ.

ನನಗೆ ಭಾರಿ ಇಷ್ಟವಾದದ್ದು, ಉಗಿಬಂಡಿ ಹತ್ತಲಾಗದ ಕಡಿದಾದ ಕಡೆ ಮಾಡಿದ ಇಳಿಜಾರಿನ ಉಪಾಯ. ಮರ ತುಂಬಿದ ವ್ಯಾಗನ್ ಕೆಳಗಿಳಿಯುತ್ತಾ, ಹಗ್ಗದ ಇನ್ನೊಂದು ತುದಿಯ ಖಾಲಿ ವ್ಯಾಗನನ್ನು ಮೇಲೆಳೆಯುತ್ತಿತ್ತು. ಬಾವಿಯ ರಾಟೆಗೆ ಎರಡು ಕೊಡಪಾನ ಕಟ್ಟಿದ ಲೆಕ್ಕ! ಅಂಥಲ್ಲಿ ದಾರಿ ನೇರ ಕೆಳಗೆ.

ಮಳೆಗಾಲದಲ್ಲಿ ಸುಮ್ನೆ ಹೋಗಬೇಡಿ, ಜಿಗಣೆ ಬಿಟ್ಟರೆ ಬೇರೇನೂ ಸಿಗದು. ತೇಗದ ಎಲೆ ಉದುರಿದ ಮೇಲೆ ನೆಲ ಕಾಣುತ್ತದೆ. ಹುಲಿ ಮೀಸಲು ಕಾಡು, ಅರಣ್ಯ ಇಲಾಖೆಯ ಗೈಡ್ ಜೊತೆಗೇ ನಡೆಯಿರಿ. ರಸ್ತೆ ತಮಿಳುನಾಡಿನ ಪೊಳ್ಳಾಚಿ, ಟಾಪ್‌ಸ್ಲಿಪ್ ಮೇಲಿಂದ. ತುಕ್ಕು ಹಿಡಿದ ಕಬ್ಬಿಣ ಸಿಕ್ಕರೆ ಫೋಟೋ ತೆಗೆದು ಅಲ್ಲೇ ಬಿಡಿ, ಮಾರಾಯ್ರೆ.