ಬೆಂಗಳೂರು ಯಾವಾಗ ಪರದೇಶವಾಗಿತ್ತು?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ಬಗ್ಗೆ 'ಗೋವಾದಲ್ಲಿ ಹುಟ್ಟಿ, ಪರದೇಶವಾದ ಬೆಂಗಳೂರಿನಲ್ಲಿ ಓದಿದರು' ಅಂತ ಅಚ್ಚಾಗಿದೆ. ಬೆಂಗಳೂರು ಯಾವಾಗಿನಿಂದ ಪರದೇಶ? ಇನ್ನೊಂದು ಮಾತು. ನನ್ನ ಮಗ ಎಂಟನೇ ಕ್ಲಾಸು. ನೋಟ್‌ಬುಕ್ ತುಂಬಾ ಮೇಷ್ಟ್ರುಗಳ ಚಿತ್ರ. ಫಾರಿನ್ನಿಗೆ ಕಳಿಸಿ ಕಲಿಸದಿದ್ದರೆ ಇದರಲ್ಲಿ ಹೊಟ್ಟೆ ತುಂಬುತ್ತಾ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಆಫೀಸಿನಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಸುಮ್ಮನಾದೆವು. ಆ ವಾಕ್ಯದಲ್ಲಿ ತಪ್ಪು ಇರುವುದು ನಿಜ. ಆದರೆ ನೀವು ಬೆರಳಿಟ್ಟ ಜಾಗದಲ್ಲಿ ಅಲ್ಲ. ಮಾರಿಯೊ ಹುಟ್ಟಿದ್ದು ದಮನ್‌ನಲ್ಲಿ, 1926ರಲ್ಲಿ. ಗೋವಾದ ಲೌತೊಲಿಮ್ ಅವರ ಮನೆತನದ ಊರು. ಇದು ನಮ್ಮ ತಪ್ಪು, ಕ್ಷಮಿಸಿ. 'ಪರದೇಶ' ಮಾತ್ರ ಬೇಕಂತಲೇ ಬರೆದದ್ದು.

1961ರ ಡಿಸೆಂಬರ್‌ವರೆಗೂ ಗೋವಾ, ದಮನ್ ಎರಡೂ ಪೋರ್ಚುಗೀಸರ ಕೈಯಲ್ಲಿದ್ದವು. ಗೋವಾದ ಹುಡುಗ ಬೆಂಗಳೂರಿಗೆ ಓದಲು ಬರಬೇಕೆಂದರೆ ಗಡಿ ದಾಟಬೇಕಿತ್ತು. ರೈಲು ಆ ಗಡಿ ದಾಟುತ್ತಿದ್ದದ್ದು ನಿಮ್ಮೂರಿಗೆ ಹತ್ತಿರವೇ. ಘಟ್ಟದ ಕೆಳಗಿನ ಕುಲೆಂ ಪೋರ್ಚುಗೀಸರದು, ಘಟ್ಟದ ಮೇಲಿನ ಕ್ಯಾಸಲ್‌ರಾಕ್ ಬ್ರಿಟಿಷರದು. ಎರಡೂ ಕಡೆ ಕಸ್ಟಮ್ಸ್. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದು ಅಲ್ಲಿ ಬರೀ ಗಾದೆ ಆಗಿರಲಿಲ್ಲ. ಹೋದ ಮಳೆಗಾಲ ನಾನು ಕ್ಯಾಸಲ್‌ರಾಕ್‌ನಲ್ಲಿ ಇಳಿದಿದ್ದೆ. ಮಂಜು ಎಷ್ಟಿತ್ತೆಂದರೆ ಎದುರಿನ ಹಳಿಯೇ ಕಾಣಿಸುತ್ತಿರಲಿಲ್ಲ. ಚಹಾದವನ ಕೂಗಷ್ಟೇ ಕೇಳಿಸುತ್ತಿತ್ತು. "ಒಂದು ಕಾಲಕ್ಕೆ ಇಲ್ಲಿಂದ ಕೆಳಗೆ ಬೇರೆ ದೇಶ ಗೊತ್ತಾ?" ಅಂದೆ. ಅವನು ಚಿಲ್ಲರೆ ಎಣಿಸುತ್ತಾ, "ಮಳೀ ಅಂತೂ ಎರಡೂ ಕಡೆ ಒಂದೇ ಐತ್ರಿ" ಅಂದ.

ಮಾರಿಯೊ ಬೆಂಗಳೂರಿನಲ್ಲಿ ಓದಿದ್ದು ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲಿನಲ್ಲಿ. ನಿಮ್ಮ ಮಗನಿಗೆ ಇದನ್ನು ಹೇಳಬೇಡಿ: ಶಾಲೆಯಲ್ಲಿ ಪಾದ್ರಿಗಳ ಚಿತ್ರ ಬರೆದು ಅವರೂ ಫಜೀತಿಗೆ ಸಿಕ್ಕಿಕೊಂಡಿದ್ದರು.

ಇನ್ನು ಫಾರಿನ್ನಿನ ಮಾತು. ಚಿಕ್ಕವರಿದ್ದಾಗ ಮಾರಿಯೊ ಮನೆಯ ಗೋಡೆ ತುಂಬಾ ಗೀಚುತ್ತಿದ್ದರು. ಸಾಕಾಗಿ ಅವರಮ್ಮ ಒಂದು ಖಾಲಿ ಪುಸ್ತಕ ಕೈಗಿಟ್ಟರು. ಅದೇ ಡೈರಿಯಾಯಿತು. ಮದುವೆ ಮನೆ, ಚರ್ಚಿನ ಹಬ್ಬ, ಕುಡಿದು ತೂರಾಡುವವರು, ಕಾಲಸಂದಿಯಲ್ಲಿ ನುಸುಳುವ ನಾಯಿ, ಎಲ್ಲವೂ ಅದರಲ್ಲಿ. 1949, 50, 51ರ ಡೈರಿಗಳು ಪುಸ್ತಕವಾಗಿ ಬಂದಿವೆ. ಸಿಕ್ಕರೆ ಬಿಡಬೇಡಿ. ನನಗಂತೂ ಅವರ ಎಷ್ಟೋ ಹೆಸರಾಂತ ಚಿತ್ರಗಳಿಗಿಂತ ಈ ಡೈರಿಗಳೇ ಜಾಸ್ತಿ ಇಷ್ಟ. ಯಾರನ್ನೂ ಮೆಚ್ಚಿಸಲು ಬರೆದದ್ದಲ್ಲ, ಅದಕ್ಕೇ ಇರಬೇಕು.

ಆರ್ಟ್ ಸ್ಕೂಲು? ಬಿ.ಎ. ಮಾಡಿದ್ದು ಬಾಂಬೆಯ ಸೇಂಟ್ ಕ್ಸೇವಿಯರ್ಸ್‌ನಲ್ಲಿ, ಅದೂ ಇತಿಹಾಸ. ಐ.ಎ.ಎಸ್. ಆಸೆ ಇತ್ತು. ಅಪ್ಪ ಅಮ್ಮನ ಮಾತಿಗೆ ಆರ್ಕಿಟೆಕ್ಚರ್ ಸೇರಿದರು, ಬೇಗನೇ ಬೇಜಾರಾಯಿತು. ಗೆಳೆಯರಿಗೆ ಪೋಸ್ಟ್‌ಕಾರ್ಡಿನ ಮೇಲೆ ಚಿತ್ರ ಬರೆದುಕೊಟ್ಟು ಪುಡಿಗಾಸು ಪಡೆದರು. ಜಾಹೀರಾತು ಕಂಪನಿಯೊಂದರಲ್ಲಿ ನಾಲ್ಕು ವರ್ಷ ದುಡಿದರು. ಮೊದಲು ಬೇಡ ಅಂದಿದ್ದ ಟೈಮ್ಸ್ ಆಫ್ ಇಂಡಿಯಾ, 'ಕರೆಂಟ್' ಪತ್ರಿಕೆಯಲ್ಲಿ ಅವರ ಚಿತ್ರಗಳು ಬಂದ ಮೇಲೆ ತಾನೇ ಕರೆಯಿತು.

ಯುರೋಪಿಗೆ ಹೋದದ್ದು ಇಷ್ಟೆಲ್ಲಾ ಆದ ಮೇಲೆ. ಗುಲ್ಬೆಂಕಿಯನ್ ಪ್ರತಿಷ್ಠಾನದ ಸ್ಕಾಲರ್‌ಶಿಪ್ ಸಿಕ್ಕಿ ಪೋರ್ಚುಗಲ್‌ನಲ್ಲಿ ಒಂದು ವರ್ಷ, ಆಮೇಲೆ ಲಂಡನ್‌ನಲ್ಲಿ ಐದು ವರ್ಷ. ಆಗಲೇ ವಯಸ್ಸು ಮೂವತ್ತು ದಾಟಿತ್ತು, ಕೈಯೂ ಕುದುರಿತ್ತು. ಅಲ್ಲಿ ಕಲಿತದ್ದು ಬಹಳ ಇದ್ದೀತು. ಆದರೆ ನೀವು ಕೇಳಿದ ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರ ಬಾಂಬೆಯಲ್ಲೇ ಸಿಕ್ಕಿತ್ತು, ಅಲ್ವಾ? ಹಾಗಂತ ಸುಲಭ ಅಂತ ಹೇಳುತ್ತಿಲ್ಲ. ಪೋಸ್ಟ್‌ಕಾರ್ಡಿನ ಪುಡಿಗಾಸು ನೆನಪಿರಲಿ.

ಮುಂಬೈಗೆ ಹೋದರೆ ಕೊಲಾಬಾದ ಕೆಫೆ ಮೊಂಡೆಗಾರ್‌ಗೆ ಮಗನನ್ನು ಕರೆದುಕೊಂಡು ಹೋಗಿ. ಗೋಡೆ ತುಂಬಾ ಮಾರಿಯೊ ಚಿತ್ರಗಳೇ. ಗೋಡೆ ಹಾಳಾಗುತ್ತೆ ಅಂತ ಪುಸ್ತಕ ಕೊಟ್ಟಿದ್ದ ಆ ತಾಯಿ ಇದನ್ನು ನೋಡಿದ್ದರೆ ಏನನ್ನುತ್ತಿದ್ದರೋ!

ಅಂದಹಾಗೆ, ಆ ನೋಟ್‌ಬುಕ್‌ನಿಂದ ಒಂದು ಹಾಳೆ ನಮಗೆ ಕಳಿಸಿ. ಅಚ್ಚು ಹಾಕುತ್ತೇವೆ. ಮೇಷ್ಟ್ರ ಹೆಸರಿನ ಮೇಲೆ ಮಸಿ ಬಳಿದುಬಿಡಿ, ಸಾಕು.