ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಕಡೆ ನರ್ಸ್ ಕೆಲಸಕ್ಕೆ ಬರ್ತಿರೋ ತಂಗಿಗೆ

ನೀನು ಬರ್ದಿದ್ದು ಓದ್ದೆ ಪುಟ್ಟಿ. ಆಲಿಸ್ ಸ್ಪ್ರಿಂಗ್ಸ್ ಆಚೆ ಒಂದು ಅಬೊರಿಜಿನಲ್ (ಇಲ್ಲಿನ ಮೂಲನಿವಾಸಿಗಳ) ಕ್ಲಿನಿಕ್ಕಲ್ಲಿ ಕೆಲಸ ಸಿಕ್ಕಿದೆ, ಅಕ್ಕಿ ಬೇಳೆ ಸಿಗತ್ತಾ, ಸೆಕೆ ತಡ್ಕೊಳ್ಳೋಕೆ ಆಗತ್ತಾ, ಇಂಟರ್‌ವ್ಯೂನಲ್ಲಿ ಬವೆಲ್ ಕ್ಯಾನ್ಸರ್ (ದೊಡ್ಡ ಕರುಳಿನ ಕ್ಯಾನ್ಸರ್) ಸ್ಕ್ರೀನಿಂಗ್ ಬಗ್ಗೆ ಪೇಷಂಟ್ಸ್ ಹತ್ರ ಹೇಗೆ ಮಾತಾಡ್ತೀಯ ಅಂತ ಕೇಳಿದ್ರು, ಏನೋ ಒಂದು ಹೇಳಿ ಪಾರಾದೆ, ನಿಜಕ್ಕೂ ಹೇಗೆ ಮಾತಾಡೋದು ಅಕ್ಕಾ ಅಂತ ಕೇಳಿದೀಯ.

ಅಕ್ಕಿ ಬೇಳೆ ಟೌನಲ್ಲಿ ಸಿಗತ್ತೆ, ಯೋಚ್ನೆ ಬೇಡ. ಸಾರಿನ ಪುಡಿ ತರೋದಾದ್ರೆ ಏರ್‌ಪೋರ್ಟಲ್ಲಿ ಡಿಕ್ಲೇರ್ ಮಾಡು, ಮುಚ್ಚಿಟ್ರೆ ಫೈನ್ ಹಾಕ್ತಾರೆ. ಬೇಸಿಗೇಲಿ 40 ಡಿಗ್ರಿ ದಾಟತ್ತೆ, ಜೂನ್ ಜುಲೈ ರಾತ್ರಿ ಸೊನ್ನೆಗಿಂತ ಕೆಳಗೂ ಹೋಗತ್ತೆ, ಸ್ವೆಟರ್ ತಗೊಂಡ್ ಬಾ. ಸಂಬಳದ ಬಗ್ಗೆ ಏನೂ ಹೇಳಲ್ಲ, ಕೈಗೆ ಬಂದಾಗ ಗೊತ್ತಾಗತ್ತೆ.

ಸ್ಕ್ರೀನಿಂಗ್ ವಿಷ್ಯ ಸ್ವಲ್ಪ ಜಾಸ್ತಿ ಹೇಳ್ಬೇಕು. ಇಲ್ಲಿ ಸರ್ಕಾರದ ಪ್ರೋಗ್ರಾಂ 2006ರಿಂದ ಇದೆ, 50ರಿಂದ 74 ವಯಸ್ಸಿನವರಿಗೆ ಎರಡು ವರ್ಷಕ್ಕೊಂದ್ಸಲ ಫ್ರೀ ಕಿಟ್ ಪೋಸ್ಟಲ್ಲಿ ಮನೆಗೇ ಬರತ್ತೆ, 2024 ಜುಲೈಯಿಂದ 45 ಆದವರೂ ಕೇಳಿ ತರಿಸ್ಕೋಬಹುದು. ಮನೇಲೇ ಮಲದ ಸ್ಯಾಂಪಲ್ ತಗೊಂಡು ವಾಪಸ್ ಕಳ್ಸೋದು, ಅದರಲ್ಲಿ ಕಣ್ಣಿಗೆ ಕಾಣ್ದಿರೋ ರಕ್ತ ಇದ್ರೆ ಪರೀಕ್ಷೇಲಿ ಗೊತ್ತಾಗತ್ತೆ. ಕೇಳೋಕೆ ಸುಲಭ. ಆದ್ರೆ ದೂರದ ಕಮ್ಯುನಿಟಿಗಳಲ್ಲಿ ಮನೆಮನೆಗೆ ಪೋಸ್ಟೇ ಬರಲ್ಲ, ಅಂಗಡಿಗೋ ಆಫೀಸಿಗೋ ಬಂದು ಬಿದ್ದಿರತ್ತೆ, ಸೆಕೆ ತಿಂಗಳಲ್ಲಿ ಸ್ಯಾಂಪಲ್ ಹಾಳಾಗತ್ತೆ ಅಂತ ಈ ಕಡೆಗೆ ಕಿಟ್ ಕಳ್ಸೋದನ್ನೇ ನಿಲ್ಲಿಸ್ತಾರೆ, ಒಂದೇ ಮನೇಲಿ ಹತ್ತು ಹನ್ನೆರಡು ಜನ ಇರೋ ಕಡೆ ಒಂದೇ ಫ್ರಿಜ್ಜು, ಅದರಲ್ಲಿ ಹಾಲಿನ ಪಕ್ಕ ಈ ಸ್ಯಾಂಪಲ್ ಇಡು ಅಂದ್ರೆ ಯಾರು ಇಡ್ತಾರೆ ಹೇಳು, ನಮ್ಮನೇಲಿ ಅತ್ತೆ ಬಿಡ್ತಿದ್ರಾ? ಇಡೀ ದೇಶದಲ್ಲೇ ಕಿಟ್ ಬಂದವರಲ್ಲಿ ಅರ್ಧಕ್ಕಿಂತ ಕಮ್ಮಿ ಜನ ವಾಪಸ್ ಕಳ್ಸೋದು, ಅಬೊರಿಜಿನಲ್ ಜನರಲ್ಲಿ ಇನ್ನೂ ಕಮ್ಮಿ. ಅದಕ್ಕೇ ಡಾರ್ವಿನ್ ಊರಲ್ಲಿರೋ ಮೆಂಜೀಸ್ ಅನ್ನೋ ಆರೋಗ್ಯ ಸಂಶೋಧನಾ ಸಂಸ್ಥೆಯವರು ಅಬೊರಿಜಿನಲ್ ಕ್ಲಿನಿಕ್‌ಗಳ ಜೊತೆ ಸೇರಿ, ಪೋಸ್ಟ್ ಬಿಟ್ಟು ಕ್ಲಿನಿಕ್‌ಗೆ ಬಂದವರ ಕೈಗೇ ಕಿಟ್ ಕೊಡೋದನ್ನ ಪ್ರಯೋಗ ಮಾಡಿ ನೋಡಿದ್ರು, ಈಗ ಅದೇ ದಾರಿ ದೇಶದ ಎಲ್ಲಾ ಕ್ಲಿನಿಕ್‌ಗೂ ಇದೆ. ಅಬೊರಿಜಿನಲ್ ಜನರಿಗೆ ವರ್ಷಕ್ಕೊಂದು ಫ್ರೀ ಹೆಲ್ತ್ ಚೆಕ್ ಇದೆ, ಎಲ್ರೂ 715 ಅಂತಾರೆ, ಅದಕ್ಕೆ ಬಂದಾಗ ಕೊಡೋದು ಸಲೀಸು.

ಈಗ ಮಾತಿನ ವಿಷ್ಯ. ನಾನು ಬಂದ ಹೊಸದ್ರಲ್ಲಿ ಚಿಕ್ಕ ಪ್ಲೇನಿಂದ ಇಳಿದ್ರೆ ಬರೀ ಕೆಂಪು ಮಣ್ಣು, ನೆತ್ತಿ ಸುಡೋ ಬಿಸ್ಲು, ನಾಯಿಗಳು. ಕ್ಲಿನಿಕ್ಕಿನ ಅಬೊರಿಜಿನಲ್ ಹೆಲ್ತ್ ಪ್ರಾಕ್ಟಿಷನರ್ ನನ್ನ ಹೆಸರು ಕೇಳಲಿಲ್ಲ, ಯಾವ ಊರು, ಯಾರ ಮಗಳು, ಅಜ್ಜಿ ಇದಾರಾ ಅಂತ ಕೇಳಿದ್ರು. ನಂಗೆ ಎಷ್ಟು ಹಾಯೆನಿಸ್ತು ಅಂದ್ರೆ ಅರಸೀಕೆರೆ ಬಸ್‌ಸ್ಟ್ಯಾಂಡಲ್ಲಿ ಯಾರೋ ಮಾತಾಡ್ಸಿದ ಹಾಗೆ. ಅದೇ ನಿನ್ನ ಪಾಠ ಕಣೇ. ಇಲ್ಲಿ ಮೊದ್ಲು ಸಂಬಂಧ, ಆಮೇಲೆ ಕಾಯಿಲೆ. ಮೊದಲನೇ ಸಲ ಬಂದವರ ಮುಂದೆ ಕೂತು ಮಲ ಅಂತ ಶುರು ಮಾಡಿದ್ರೆ ಅವರು ಎಲ್ಲದಕ್ಕೂ ಹೂಂ ಅಂತಾರೆ, ಎದ್ದು ಹೋಗ್ತಾರೆ, ಕಿಟ್ ಕಾರಲ್ಲೇ ಉಳಿಯತ್ತೆ. ನಮ್ಮೂರ ಓಪಿಡೀಲಿ ‘ಸರಿ ಡಾಕ್ಟ್ರೇ’ ಅಂತಾರಲ್ಲ, ಅದೇ ಹೂಂ.

ನಮ್ಮಲ್ಲಿ ಹಿರಿ ನರ್ಸ್‌ಗಳು ಗದರಿಸಿ ಗದರಿಸೀನೇ ಕೆಲಸ ಮಾಡಿಸ್ತಾರೆ, ‘ಯಾಕಮ್ಮ ಇನ್ನೂ ಮಾಡಿಸಿಲ್ಲ’ ಅಂತ. ಆ ದನಿ ಕೆಂಪೇಗೌಡ ಏರ್‌ಪೋರ್ಟಲ್ಲೇ ಬಿಟ್ಟು ಬಾ. ಅಬೊರಿಜಿನಲ್ ಮಕ್ಕಳನ್ನ ಮನೆಯಿಂದ ಸರ್ಕಾರವೇ ಕಿತ್ಕೊಂಡು ಹೋದ ಕಾಲ ಕಂಡವರು ಇನ್ನೂ ಬದುಕಿದಾರೆ, ಅದಕ್ಕೆ ಪಾರ್ಲಿಮೆಂಟಲ್ಲಿ ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದ್ದು 2008ರಲ್ಲಿ. ಯೂನಿಫಾರ್ಮ್ ಹಾಕಿದವರು ದನಿ ಎತ್ತಿದ್ರೆ ಅವರಿಗೆ ಏನೇನು ನೆನಪಾಗತ್ತೋ. ಆಸ್ಪತ್ರೆಗೆ ಹೋದವರು ವಾಪಸ್ ಬರಲ್ಲ ಅನ್ನೋ ಭಯ ಬೇರೆ, ಕ್ಯಾನ್ಸರ್ ಅಂದ್ರೆ ಸಾವೇ ಅನ್ನೋದು ಅಲ್ಲೂ ಇದೆ ಇಲ್ಲೂ ಇದೆ. ಬೇಗ ಸಿಕ್ಕಿದ್ರೆ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನಕ್ಕೆ ವಾಸಿ ಮಾಡಬಹುದು ಅನ್ನೋದನ್ನ ಮೊದ್ಲು ಹೇಳು.

ಹೇಳೋದು ನೀನೇ ಆಗ್ಬೇಕು ಅಂತಿಲ್ಲ. ಗಂಡಸರ ಮಾತು ಗಂಡಸರಿಗೆ, ಹೆಂಗಸರದ್ದು ಹೆಂಗಸರಿಗೆ, ಅದು ಇಲ್ಲಿ ಗಟ್ಟಿ. ವಯಸ್ಸಾದ ಗಂಡಸು ಬಂದ್ರೆ ಗಂಡು ಹೆಲ್ತ್ ವರ್ಕರ್‌ನ ಕರಿ, ನೀನು ಆಚೆ ಹೋಗು, ಅವಮಾನ ಅಂದ್ಕೋಬೇಡ. ಅರಂಡ, ವಾರ್ಲ್ಪಿರಿ ಮಾತಾಡೋರಿಗೆ ಇಂಟರ್‌ಪ್ರಿಟರ್ ಕೇಳು, ಮನೆಯ ಹುಡುಗ್ರ ಕೈಲಿ ಅರ್ಥ ಹೇಳಿಸ್ಬೇಡ. ತೀರಿಹೋದವರ ಹೆಸರು ಎತ್ಬೇಡ. ನೀನು ಹೇಳಿದ್ದು ಕೇಳಿ ಅವರು ಸುಮ್ನಾದ್ರೆ ನೀನೂ ಸುಮ್ನಿರು, ಖಾಲಿ ಜಾಗ ತುಂಬೋಕೆ ಹೋಗ್ಬೇಡ.

ನನಗೆ ಇದು ಬೇಗ ಹೊಳೆದಿದ್ದು ನಮ್ಮ ದೊಡ್ಡಪ್ಪನಿಂದ. ತೋಟದ ಮನುಷ್ಯ, ರಕ್ತ ಹೋಗ್ತಿದ್ರೂ ಉಷ್ಣ ಆಗಿದೆ, ಮೂಲವ್ಯಾಧಿ ಇರ್ಬೇಕು ಅಂತ ಮಜ್ಜಿಗೆ ಕುಡ್ಕೊಂಡು ಮೆಂತ್ಯ ನುಂಗ್ಕೊಂಡು ತಿಂಗಳುಗಟ್ಟಲೆ ತಳ್ಳಿದ್ರು. ಮನೇಲೇ ನರ್ಸಿಂಗ್ ಓದ್ತಿದ್ದ ಹುಡುಗಿ ನಾನು, ನಂಗೆ ಹೇಗೆ ಹೇಳ್ತಾರೆ, ಹೆಣ್ಣುಮಗು. ಕಿದ್ವಾಯಿಗೆ ಕರ್ಕೊಂಡ್ ಹೋಗೋ ಹೊತ್ತಿಗೆ ಲಿವರ್‌ಗೆ ಹಬ್ಬಿತ್ತು. ಇಲ್ಲಿ ಕಿಟ್ ಕೊಡುವಾಗಲೆಲ್ಲ ಅನ್ಸತ್ತೆ, ಅವರ ಪಕ್ಕ ಕೂತು ಕೇಳೋ ಒಬ್ಬ ಗಂಡು ನರ್ಸ್ ನಮ್ಮೂರಲ್ಲಿ ಇದ್ದಿದ್ರೆ. ಈಗ್ಲೂ ಹೊಟ್ಟೆ ಉರಿಯತ್ತೆ.

ಅಂದ ಹಾಗೆ ಇದು ಮುಖ್ಯ, ರಕ್ತ ಕಾಣ್ತಿದೆ, ತೂಕ ಇಳೀತಿದೆ ಅಂದವರಿಗೆ ಕಿಟ್ ಕೊಡ್ಬೇಡ, ನೇರ ಡಾಕ್ಟರ್ ಹತ್ರ ಕಳ್ಸು. ಕಿಟ್ ಏನೂ ತೊಂದ್ರೆ ಇಲ್ದೇ ಇರೋರಿಗೆ.

ಕೊಡುವಾಗ ಬಿಚ್ಚಿ ತೋರ್ಸು. ನಮ್ಮ ಕ್ಲಿನಿಕ್ಕಲ್ಲಿ ಹೆಲ್ತ್ ವರ್ಕರ್ ಒಂದು ಪ್ಲೇಟಲ್ಲಿ ವೆಜಿಮೈಟ್ (ಇಲ್ಲಿ ಬ್ರೆಡ್ಡಿಗೆ ಹಚ್ಚೋ ಕಪ್ಪು ಪೇಸ್ಟ್) ಸವರ್ತಾರೆ, ಮುಚ್ಚಳಕ್ಕೇ ಅಂಟ್ಕೊಂಡಿರೋ ಕಡ್ಡೀನ ಅದರ ಮೇಲೆ ಕೆರೆದು ಟ್ಯೂಬಿಗೆ ಟಕ್ಕಂತ ಹಾಕ್ತಾರೆ, ಅಜ್ಜಿಯರೆಲ್ಲ ಬಿದ್ದು ಬಿದ್ದು ನಗ್ತಾರೆ, ನಕ್ಕ ಮೇಲೆ ಪ್ರಶ್ನೆ ಶುರುವಾಗತ್ತೆ. ಎರಡು ಬೇರೆ ಬೇರೆ ಸಲದ್ದು ಎರಡು ಸ್ಯಾಂಪಲ್, ಟ್ಯೂಬ್ ಮೇಲೆ ತಾರೀಖು ಬರೀಬೇಕು, ಫ್ರಿಜ್ಜಲ್ಲಿ ಇಡ್ಬೇಕು, ಫ್ರೀಜರಲ್ಲಿ ಅಲ್ಲ. ಫ್ರಿಜ್ ಕಷ್ಟ ಅಂದ್ರೆ ಕ್ಲಿನಿಕ್ಕಿಗೇ ತಂದ್ಕೊಡಿ ಅನ್ನು.

ಪಾಸಿಟಿವ್ ಬಂದ್ರೆ ಕ್ಯಾನ್ಸರ್ ಅಂತಲ್ಲ, ಪಾಲಿಪ್ಪೋ (ಕರುಳೊಳಗೆ ಬೆಳೆಯೋ ಚಿಕ್ಕ ಗಂಟು) ಮೂಲವ್ಯಾಧಿಯೋ ಇರ್ಬಹುದು, ಆದ್ರೆ ಕೊಲೊನೋಸ್ಕೊಪಿ, ಅಂದ್ರೆ ಕ್ಯಾಮೆರಾ ನಳಿಕೆ ಹಾಕಿ ಕರುಳು ನೋಡೋದು, ಆಗ್ಲೇಬೇಕು. ಜನ ಕೈಬಿಟ್ಟು ಹೋಗೋದು ಇಲ್ಲೇ. ಅದಕ್ಕೆ ಮುಂಚೆ ಕರುಳು ಖಾಲಿ ಆಗೋಕೆ ಭೇದಿ ಮಾಡ್ಸೋ ಔಷಧಿ ಕುಡ್ಸಿ ಮಣ್ಣು ರೋಡಲ್ಲಿ ಗಂಟೆಗಟ್ಟಲೆ ಕೂರ್ಸೋಕಾಗತ್ತಾ? ಮುಂಚೆನೇ ಟೌನಿಗೆ ಕರ್ಸಿ, ಟಾಯ್ಲೆಟ್ ಇರೋ ಉಳ್ಕೊಳ್ಳೋ ಜಾಗ, ಜೊತೆಗೆ ಒಬ್ರು ಸಂಬಂಧಿಕರು, ಓಡಾಟಕ್ಕೆ ಸರ್ಕಾರದ ಟ್ರಾವೆಲ್ ಸ್ಕೀಮ್, ಎಲ್ಲಾ ನೀನು ಫೋನ್ ಹಿಡ್ಕೊಂಡು ಕೂತು ಮಾಡಿಸ್ಬೇಕು. ಕಿಟ್ ಕೊಡೋ ದಿನಾನೇ ಇದನ್ನೂ ಹೇಳಿಡು.

ನಿನ್ನ ಮನೆಯವರ ಕೆಲಸದ ಬಗ್ಗೆ ಇನ್ನೊಂದ್ಸಲ ಬರೀತೀನಿ, ಅವರದ್ದು ಯಾವ ಲೈನು ಅಂತ ಹೇಳು. ಡ್ರೈವಿಂಗ್ ಮಾತ್ರ ಇಬ್ರೂ ಕಲ್ತು ಬನ್ನಿ, ಬಸ್ಸು ಗಿಸ್ಸು ಅಂತ ನಂಬ್ಕೋಬೇಡಿ, ಸಂಜೆ ಮೇಲೆ ಕಾಂಗರೂ ಅಡ್ಡ ಬರತ್ತೆ, ಗಾಡೀಲಿ ನೀರು ಯಾವಾಗ್ಲೂ ಇರ್ಲಿ.